ಸಿಂಗಳೀಕದ ಹಿಂದೆ ಒಂದು ವರ್ಷ

ನಮ್ಮ ಮನೆಯ ಹಿಂದಿನ ಸೊಪ್ಪಿನ ಬೆಟ್ಟ ಹತ್ತಿ ಇಳಿದರೆ ಕಾನು, ಅಂದರೆ ದಟ್ಟ ಕಾಡು, ಶುರುವಾಗುತ್ತದೆ. ಮದುವೆಯಾಗಿ ಈ ಮನೆಗೆ ಬಂದು ಹದಿನೆಂಟು ವರ್ಷವಾಯಿತು. ದರಕು (ಉದುರಿದ ಒಣ ಎಲೆ) ಗುಡಿಸಲು, ಸೊಪ್ಪು ತರಲು, ಉಪ್ಪಾಗೆ ಹಣ್ಣು ಹೆಕ್ಕಲು ಅಂತ ಎಷ್ಟೋ ಸಲ ಆ ಕಡೆ ಹೋಗಿದ್ದೇನೆ. ಮೇಲೆ ಕೊಂಬೆ ಅಲ್ಲಾಡಿದರೆ 'ಸಿಂಗಳೀಕ ಬಂತು' ಅಂತ ಒಮ್ಮೆ ತಲೆ ಎತ್ತಿ ನೋಡುತ್ತಿದ್ದೆ, ಮತ್ತೆ ಬಗ್ಗಿ ಕೆಲಸ ಮಾಡುತ್ತಿದ್ದೆ. ನನಗೂ ಆ ಕರಿ ಮಂಗಕ್ಕೂ ಇದ್ದ ಪರಿಚಯ ಅಷ್ಟೇ.

ಎರಡು ವರ್ಷದ ಹಿಂದೆ ದಸರೆ ಮುಗಿದ ಮೇಲೆ ಮೈಸೂರಿನಿಂದ ಒಬ್ಬ ಹುಡುಗಿ ನಮ್ಮೂರಿಗೆ ಬಂದಳು. ಶಿರಸಿಯಿಂದ ನಿಲ್ಕುಂದದ ಕಡೆ ಹೋಗುವ ದಾರಿಯಲ್ಲಿ ಒಳಗೆ ಬಿದ್ದ ಊರು ನಮ್ಮದು. ಸಿಂಗಳೀಕದ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ ಅದು. ನಮ್ಮ ಹೊರಗಿನ ಕೋಣೆಯಲ್ಲೇ ಉಳಿದುಕೊಂಡಳು. ಕಾಡಿನ ದಾರಿ ಗೊತ್ತಿರುವ ಒಬ್ಬರು ಜೊತೆಗೆ ಬೇಕಿತ್ತು. ತಿಂಗಳಿಗೆ ಐದು ದಿನ, ಒಂದು ವರ್ಷದ ಕೆಲಸ. ಆಗ ಅಡಿಕೆ ಕೊನೆಕೊಯ್ಲು ಹತ್ತಿರ ಬಂದಿತ್ತು, ಊರಲ್ಲಿ ಯಾವ ಗಂಡಸರಿಗೂ ಪುರಸೊತ್ತಿಲ್ಲ.

"ಅಕ್ಕಾ, ನೀವೇ ಬರ್ತೀರಾ?" ಅಂದಳು.

ನಾನು ಯಜಮಾನರ ಮುಖ ನೋಡಿದೆ. ಅವರು ಅತ್ತೆಯ ಮುಖ ನೋಡಿದರು. ಅತ್ತೆ ಕವಳದ ಸಂಚಿ ಕಟ್ಟುತ್ತ, "ಹೋಗಿ ಬಾರೆ. ಕಪ್ಪಾಗದ್ರೊಳಗೆ ಮನೆ ಸೇರ್ಕ್ಯ" ಅಂದರು. ಆ ಒಂದು ಮಾತಿಗೆ ಅತ್ತೆಗೆ ಇವತ್ತಿಗೂ ನಾನು ಋಣಿ.

ಅವಳ ಹತ್ತಿರ ಅರಣ್ಯ ಇಲಾಖೆಯ ಪರವಾನಗಿ ಇತ್ತು. ನಮ್ಮ ಕಾನು 2011ರಲ್ಲೇ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶಕ್ಕೆ ಸೇರಿತ್ತು. 2019ರಲ್ಲಿ ಅದನ್ನು ಶರಾವತಿ ಕಡೆಯ ಕಾಡಿನ ಜೊತೆ ಕೂಡಿಸಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಅಂತ ಮಾಡಿದ್ದಾರೆ. ಹಾಗಾಗಿ ಕಾಗದ ಪತ್ರ ಇಲ್ಲದೆ ಸುಮ್ನೆ ಒಳಗೆ ತಿರುಗುವ ಹಾಗಿಲ್ಲ.

ಏಳನೇ ಕ್ಲಾಸಿನಲ್ಲಿದ್ದ ನನ್ನ ಮಗ ಮೊದಲ ರಾತ್ರಿಯೇ ಅವಳ ಪುಸ್ತಕ ತಿರುವಿ ಹಾಕಿದ. ಇಂಗ್ಲಿಷಿನಲ್ಲಿ ಇದರ ಹೆಸರು 'ಸಿಂಹದ ಬಾಲದ ಮಂಗ' ಅಂತ ಇದೆಯಂತೆ. "ಅಕ್ಕಾ, ಸಿಂಹಕ್ಕೂ ಇದಕ್ಕೂ ಏನು ಸಂಬಂಧ?" ಅಂತ ಕೇಳಿದ. ಬಾಲದ ತುದಿಯಲ್ಲಿ ಸಿಂಹಕ್ಕೆ ಇರುವ ಹಾಗೇ ಒಂದು ಕುಚ್ಚು ಇದೆ, ಮುಖದ ಸುತ್ತ ಬೂದು ಬಣ್ಣದ ಕೇಸರ ಇದೆ, ಅಷ್ಟೇ ಅಂತ ಅವಳು ಹೇಳಿದಳು. ಸಿಂಹದಲ್ಲಿ ಕೇಸರ ಗಂಡಿಗೆ ಮಾತ್ರ. ಸಿಂಗಳೀಕದಲ್ಲಿ ಹೆಣ್ಣಿಗೂ ಇದೆ. ಮಗನಿಗೆ ಅಲ್ಲಿಗೆ ಸಮಾಧಾನ ಆಗಲಿಲ್ಲ. ಆಮೇಲೆ ವರ್ಷಪೂರ್ತಿ ನಾವು ಕಾಡಿನಿಂದ ಬಂದು ಜಗುಲಿಯಲ್ಲಿ ಕೂತ ಕೂಡಲೇ ಅವನ ಪ್ರಶ್ನೆ ಒಂದೇ: "ಸಿಂಹ ಆಗಿದ್ರೆ ಏನು ಮಾಡ್ತಿತ್ತು?" ಹಾಗಾಗಿ ಸಿಂಗಳೀಕ ಕಲಿಯುತ್ತ ಕಲಿಯುತ್ತ ಸಿಂಹದ ಸಂಸಾರವೂ ನನಗೆ ಸುಮಾರು ತಿಳಿಯಿತು.

ಮೊದಲ ವಾರ ದಾರಿ ತೋರಿಸಲು ಕೆಳಗಿನ ಕೇರಿಯ ಗೌಡಜ್ಜ ಬಂದ. ಬೆಳಿಗ್ಗೆ ಐದಕ್ಕೆ ಎದ್ದು, ತೆಳ್ಳೇವು ಕಟ್ಟಿಕೊಂಡು, ಬ್ಯಾಟರಿ ಹಿಡಿದು ಹೊರಟೆವು. ಬೆಳಕು ಹರಿಯುವ ಮೊದಲೇ ಅವು ಮಲಗಿರುವ ಮರದ ಬುಡ ಸೇರಬೇಕು. ತಡವಾದರೆ ಅವು ಹೊರಟು ಹೋಗುತ್ತವೆ, ಆಮೇಲೆ ಇಡೀ ದಿನ ಹುಡುಕುವುದೇ ಕೆಲಸ. ಮೊದಲ ಮೂರು ದಿನ ನಮಗೆ ಹಾಗೇ ಆಯಿತು. ಕೊಂಬೆ ಅಲ್ಲಾಡಿದ್ದು ಕಾಣುತ್ತಿತ್ತು, ಎಲ್ಲೋ ಒಂದು ಕರಿ ಬೆನ್ನು ಕಾಣುತ್ತಿತ್ತು, ನಾವು ಹಳ್ಳ ಇಳಿದು ಹತ್ತುವಷ್ಟರಲ್ಲಿ ಅವು ಆಚೆ ದಿಬ್ಬದ ಮೇಲೆ. ನೆಲದ ಮೇಲೆ ನಡೆಯುವವರಿಗೆ ಹಳ್ಳ, ಬೆತ್ತದ ಮುಳ್ಳು, ಜಾರುವ ಬಂಡೆ. ಅವುಗಳಿಗೆ ಮೇಲೆ ನೇರ ದಾರಿ.

ನಾಲ್ಕನೇ ದಿನ ಗೌಡಜ್ಜ ನನ್ನನ್ನು ಕೂರಿಸಿದ. "ತಂಗೀ, ಓಡಬ್ಯಾಡ. ಓಡಿದ್ರೆ ಅದೂ ಓಡ್ತದೆ. ಅದು ತಿನ್ನೋ ಮರ ಯಾವ್ದು ಅಂತ ನೋಡಿ ಮೊದ್ಲೇ ಹೋಗಿ ಅದರ ಬುಡಕ್ಕೆ ಕೂತ್ಕೋ" ಅಂದ. ವರ್ಷಪೂರ್ತಿ ನಾನು ಕಲಿತದ್ದರಲ್ಲಿ ಅರ್ಧ ಈ ಮಾತಿನಲ್ಲೇ ಇತ್ತು. ಎಲ್ಲಿ ಗೋಳಿ ಹಣ್ಣು ಬಿಟ್ಟಿದೆ, ಯಾವ ಬೈನೆ ಮರದ ಗೊನೆ ಕೆಂಪಾಗಿದೆ, ಯಾವ ಅತ್ತಿ ಉದುರುತ್ತಿದೆ ಅಂತ ನೋಡಿಕೊಂಡರೆ ಸಿಂಗಳೀಕ ಹುಡುಕುವುದೇ ಬೇಡ, ತಾನಾಗೇ ಬರುತ್ತದೆ.

ಆದರೆ ನಮ್ಮ ಕಣ್ಣೆದುರು ಅವು ಆರಾಮಾಗಿ ಕೂರಬೇಕಲ್ವಾ? ಅದಕ್ಕೆ ಸುಮಾರು ಮೂರು ತಿಂಗಳು ಹಿಡಿಯಿತು. ಮೊದಮೊದಲು ನಮ್ಮನ್ನು ಕಂಡ ಕೂಡಲೇ ಒಂದು ಕೆಮ್ಮಿದಂಥ ಸದ್ದು, ಆಮೇಲೆ ಎಲ್ಲ ಮಾಯ. ದಿನವೂ ಅದೇ ಬಣ್ಣದ ಅಂಗಿ ಹಾಕಿಕೊಂಡು ಹೋದೆವು. ನೇರವಾಗಿ ಕಣ್ಣಿಗೆ ಕಣ್ಣು ಕೊಡಲಿಲ್ಲ, ಮಂಗನ ಜಾತಿಗೆ ಅದು ಬೆದರಿಸಿದ ಹಾಗೆ. ತಿಂಡಿ ಡಬ್ಬಿ ಅವುಗಳ ಎದುರು ಯಾವತ್ತೂ ತೆರೆಯಲಿಲ್ಲ. ಈ ಕೊನೆಯ ಮಾತನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಘಟ್ಟದ ರಸ್ತೆಯಲ್ಲಿ ಕಾರು ನಿಲ್ಲಿಸಿ ಮಂಗಗಳಿಗೆ ಬಿಸ್ಕೆಟ್ ಹಾಕುವವರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ಕೈಯಿಂದ ತಿನ್ನಲು ಕಲಿತ ಪ್ರಾಣಿ ರಸ್ತೆಗೆ ಇಳಿಯುತ್ತದೆ, ಗಾಡಿ ಅಡಿಗೆ ಹೋಗುತ್ತದೆ. ದಯವಿಟ್ಟು ಹಾಕಬೇಡಿ.

ಜನವರಿಯ ಹೊತ್ತಿಗೆ ಅವು ನಮ್ಮನ್ನು ನೋಡಿಯೂ ನೋಡದ ಹಾಗೆ ಇರಲು ಶುರು ಮಾಡಿದವು. ಆಗ ನಿಜವಾದ ಕೆಲಸ ಶುರುವಾಯಿತು. ಹತ್ತು ನಿಮಿಷಕ್ಕೊಮ್ಮೆ ಗಡಿಯಾರ ನೋಡಬೇಕು. ಆ ಗಳಿಗೆಯಲ್ಲಿ ಕಣ್ಣಿಗೆ ಬಿದ್ದ ಒಂದೊಂದೂ ಏನು ಮಾಡುತ್ತಿದೆ, ಎಷ್ಟು ಎತ್ತರದಲ್ಲಿದೆ, ಯಾವ ಮರ, ತಿನ್ನುತ್ತಿದ್ದರೆ ಏನು ತಿನ್ನುತ್ತಿದೆ, ಎಲ್ಲ ಹಾಳೆಯಲ್ಲಿ ಬರೆಯಬೇಕು. ಮರದ ಹೆಸರು ನನ್ನ ಪಾಲು, ಬರೆಯುವುದು ಅವಳ ಪಾಲು. ನಾನು 'ಹೆಬ್ಬಲಸು' ಅಂದರೆ ಅವಳು ಅದರ ಲ್ಯಾಟಿನ್ ಹೆಸರು ಬರೆಯುತ್ತಿದ್ದಳು. ಎರಡು ತಿಂಗಳಲ್ಲಿ ಅವಳೂ ಹೆಬ್ಬಲಸು, ರಾಮಪತ್ರೆ, ಕುಂಟುನೇರಲು ಅಂತಲೇ ಹೇಳಲು ಶುರು ಮಾಡಿದಳು.

ಹಣ್ಣೇ ಅವುಗಳ ಮುಖ್ಯ ಊಟ. ಆದರೆ ದಿನದ ಬಹಳ ಹೊತ್ತು ಹೋಗುವುದು ಹುಳ ಹುಡುಕುವುದರಲ್ಲಿ. ನನಗೆ ಇದು ಗೊತ್ತೇ ಇರಲಿಲ್ಲ. ಒಣಗಿ ಸುರುಳಿಯಾದ ಎಲೆ ಸಿಕ್ಕರೆ ಬಿಡಿಸಿ ನೋಡುತ್ತವೆ. ಪೊಟರೆಗೆ ಕೈ ಹಾಕುತ್ತವೆ. ತೊಗಟೆ ಕೀಳುತ್ತವೆ. ಜೀರುಂಡೆ, ಜೇಡ, ಮರಗಪ್ಪೆ, ಹಲ್ಲಿ, ಹಕ್ಕಿಯ ಮೊಟ್ಟೆ, ಏನು ಸಿಕ್ಕರೂ ಆಗುತ್ತದೆ. ಒಂದು ದಿನ ಬೈನೆ ಮರದ ಪಕ್ಕದಲ್ಲಿ ಒಂದು ಹೆಣ್ಣಿಗೆ ಕಂಬಳಿ ಹುಳ ಸಿಕ್ಕಿತು. ಅದನ್ನು ಹಾಗೇ ಬಾಯಿಗೆ ಹಾಕಿಕೊಳ್ಳಲಿಲ್ಲ. ಪಕ್ಕದ ಟೊಂಗೆಯಿಂದ ಒಂದು ಎಲೆ ಕಿತ್ತಿತು. ಹುಳವನ್ನು ಎಲೆಯೊಳಗೆ ಇಟ್ಟು, ಎರಡೂ ಅಂಗೈ ನಡುವೆ ಹಿಡಿದು, ನಾವು ಬತ್ತಿ ಹೊಸೆಯುವ ಹಾಗೆ ಹೊಸೆಯಿತು. ಎಲೆ ಬಿಚ್ಚಿ ನೋಡಿತು. ಮತ್ತೆ ಹೊಸೆಯಿತು. ರೋಮ ಎಲ್ಲ ಉದುರಿದ ಮೇಲೆ ಎಲೆ ಎಸೆದು ಹುಳ ತಿಂದಿತು. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಕಂಬಳಿ ಹುಳ ತಾಗಿದರೆ ಮೈ ಹೇಗೆ ಉರಿಯುತ್ತದೆ ಅಂತ ಸೊಪ್ಪು ಹೊತ್ತವರಿಗೆ ಗೊತ್ತು. ಅದಕ್ಕೂ ಗೊತ್ತಿತ್ತು. ಇಂಥ ಎಲೆಯ ಉಪಯೋಗವನ್ನು ಸಿಂಗಳೀಕ ನೋಡಿದ ಬೇರೆಯವರೂ ಬರೆದಿಟ್ಟಿದ್ದಾರಂತೆ.

ಆ ಹೆಣ್ಣಿನ ಎಡ ಕಿವಿಯ ತುದಿ ಹರಿದಿತ್ತು. ಹಾಗಾಗಿ ನಮ್ಮ ಹಾಳೆಯಲ್ಲಿ ಅದು 'ಮುರುಕು ಕಿವಿ'. ಹೀಗೆ ಒಂದೊಂದನ್ನೂ ಗುರುತು ಹಿಡಿಯುವುದು ಅತಿ ಕಷ್ಟದ ಕೆಲಸ. ಎಲ್ಲ ಕರಿ ಮೈ, ಎಲ್ಲ ಬೂದು ಕೇಸರ. ಒಂದಕ್ಕೆ ಬಾಲ ಡೊಂಕು, ಒಂದಕ್ಕೆ ಮೂಗಿನ ಮೇಲೆ ಗೆರೆ. ಗುಂಪಿಗೆ ಒಂದೇ ದೊಡ್ಡ ಗಂಡು, ಅದನ್ನು ನಾವು 'ಯಜಮಾನ' ಅಂದೆವು. ಅದರ ಮೈತೂಕ ಹೆಣ್ಣಿನ ಒಂದೂವರೆ ಪಟ್ಟಾದರೂ ಇದ್ದಿರಬೇಕು. ಬೆಳಗಿನ ಹೊತ್ತು ಅದು ಎತ್ತರದ ಕೊಂಬೆಗೆ ಹೋಗಿ 'ಹೂಪ್, ಹೂಪ್' ಅಂತ ಕೂಗಿದರೆ ಆಚೆ ಕಣಿವೆಗೂ ಕೇಳುತ್ತಿತ್ತು. ಚದುರಿದವು ಹತ್ತಿರ ಬರುತ್ತಿದ್ದವು, ಪಕ್ಕದ ಗುಂಪು ದೂರ ಉಳಿಯುತ್ತಿತ್ತು. ಸಿಂಹದ ಗರ್ಜನೆಯೂ ಇದೇ ಕೆಲಸಕ್ಕೆ, ಎಂಟು ಕಿಲೋಮೀಟರ್ ದೂರಕ್ಕೂ ಕೇಳುತ್ತದೆ ಅಂತ ಆವತ್ತು ರಾತ್ರಿ ಮಗನಿಗೆ ಹೇಳಿದೆವು. ಅವನು ಅಂಗಳಕ್ಕೆ ಹೋಗಿ ಎರಡನ್ನೂ ಕೂಗಿ ನೋಡಿದ.

ಎಷ್ಟು ಇವೆ ಅಂತ ಎಣಿಸಲು ಒಂದು ಜಾಗ ಸಿಕ್ಕಿತು. ಊರಿಗೆ ಬರುವ ಮಣ್ಣಿನ ರಸ್ತೆಯ ತಿರುವಿನಲ್ಲಿ ಒಂದು ದೊಡ್ಡ ಗೋಳಿ ಮರ. ಅದರ ಕೊಂಬೆ ರಸ್ತೆಯ ಮೇಲೆ ಚಾಚಿ ಆಚೆ ಬದಿಯ ಮರಕ್ಕೆ ತಾಗುತ್ತಿತ್ತು. ವಾರಕ್ಕೆ ಒಂದೆರಡು ಸಲ ಇಡೀ ಗುಂಪು ಆ ಕೊಂಬೆಯ ಮೇಲೆ ಒಂದರ ಹಿಂದೆ ಒಂದು ದಾಟುತ್ತಿತ್ತು. ಎಲೆ ಕಮ್ಮಿ, ಹಿಂದೆ ಬಾನು. ಅಲ್ಲಿ ಕೂತು ಎಣಿಸಿದರೆ ತಪ್ಪುತ್ತಿರಲಿಲ್ಲ. ಇಪ್ಪತ್ತೊಂದು. ಮರುವಾರ ಮತ್ತೆ ಎಣಿಸಿದೆವು, ಇಪ್ಪತ್ತೊಂದು. ಆವತ್ತು ನನಗೆ ಆದ ಖುಷಿ ಮಗ ಹುಟ್ಟಿದ ದಿನ ತೊಟ್ಟಿಲು ಕಟ್ಟಿದ ಖುಷಿಯ ಹಾಗೆ ಇತ್ತು. ಜಗತ್ತಿನಲ್ಲಿ ಇರುವ ಸಿಂಗಳೀಕ ಎಲ್ಲ ಸೇರಿ ಅಂದಾಜಿಗೆ 4000ದ ಒಳಗೆ. ಅದೂ ನಮ್ಮ ಪಶ್ಚಿಮಘಟ್ಟದಲ್ಲಿ ಮಾತ್ರ, ಕರ್ನಾಟಕ, ಕೇರಳ, ತಮಿಳುನಾಡು, ಮುಗಿಯಿತು. ಅದರಲ್ಲಿ ಇಪ್ಪತ್ತೊಂದು ನಮ್ಮ ಊರಿನ ತಿರುವಿನಲ್ಲಿ ದಾಟುತ್ತವೆ ಅಂದರೆ!

ಡಿಸೆಂಬರಿನಲ್ಲೇ, ನಮ್ಮನ್ನು ಇನ್ನೂ ಪೂರ್ತಿ ನಂಬದ ದಿನಗಳಲ್ಲಿ, ಮುರುಕು ಕಿವಿ ಬೆದೆಗೆ ಬಂದಿತ್ತು. ಬಾಲದ ಬುಡ ಉಬ್ಬಿ ಕೆಂಪಾಗಿದ್ದು ದುರ್ಬೀನಿನಲ್ಲಿ ಚೆನ್ನಾಗಿ ಕಾಣುತ್ತಿತ್ತು. ಯಜಮಾನ ಅದರ ಬೆನ್ನು ಬಿಡುತ್ತಿರಲಿಲ್ಲ. ಅದು ಕೂತ ಮರದಲ್ಲೇ ಕೂರುವುದು, ಅದು ಎದ್ದರೆ ಏಳುವುದು. ಹುಡುಗಿ ಹಾಳೆಯ ಮೂಲೆಯಲ್ಲಿ ತಾರೀಖು ಬರೆದಿಟ್ಟಳು. "ಅಕ್ಕಾ, ಬಸಿರು ನಿಂತಿದ್ರೆ ಐದೂವರೆಯಿಂದ ಆರು ತಿಂಗಳು. ಮಳೆಗಾಲ ಹಿಡಿಯೋ ಹೊತ್ತಿಗೆ ಮರಿ" ಅಂದಳು.

ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ಆ ಲೆಕ್ಕ ಹಾಕುವಾಗಲೇ ಈ ಪ್ರಾಣಿಯ ಕಷ್ಟ ನನಗೆ ಅರ್ಥವಾದದ್ದು. ಸಿಂಹಿಣಿ ಮೂರೂವರೆ ತಿಂಗಳು ಬಸಿರಿದ್ದು ಎರಡು, ಮೂರು, ಕೆಲವು ಸಲ ನಾಲ್ಕು ಮರಿ ಹಾಕುತ್ತದೆ. ಮರಿ ಬದುಕಿದರೆ ಎರಡು ವರ್ಷಕ್ಕೆ ಮತ್ತೆ ಮರಿ. ಸಿಂಗಳೀಕ ಒಂದು ಸಲಕ್ಕೆ ಒಂದೇ ಮರಿ ಹಾಕುವುದು. ಅದಾಗಿ ಎರಡೂವರೆ, ಮೂರು ವರ್ಷ ಕಾಯಬೇಕು. ಮೊದಲ ಮರಿ ಹಾಕುವಾಗಲೇ ಹೆಣ್ಣಿಗೆ ಆರೇಳು ವರ್ಷ ಆಗಿರುತ್ತದೆ. ಹಾಗಾದರೆ ಒಂದು ಹೆಣ್ಣು ತನ್ನ ಜನ್ಮದಲ್ಲಿ ಎಷ್ಟು ಮರಿ ಸಾಕಿ ದೊಡ್ಡದು ಮಾಡೀತು? ಗಿರ್ ಕಾಡಿನಲ್ಲಿ ನೂರು ವರ್ಷದ ಹಿಂದೆ ಕೆಲವೇ ಕೆಲವು ಉಳಿದಿದ್ದ ಸಿಂಹ 2025ರ ಎಣಿಕೆಯಲ್ಲಿ 891 ಆಗಿದೆ. ಕಾಪಾಡಿದರೆ ಸಿಂಹ ಬೇಗ ಹೆಚ್ಚುತ್ತದೆ. ಸಿಂಗಳೀಕ ಹಾಗೆ ಹೆಚ್ಚುವುದಿಲ್ಲ, ಒಂದು ಸತ್ತರೆ ಆ ಜಾಗ ತುಂಬಲು ವರ್ಷಗಟ್ಟಲೆ ಬೇಕು. ಆ ದಿನದಿಂದ ಮುರುಕು ಕಿವಿ ಉದ್ದದ ಜಿಗಿತ ಜಿಗಿದರೆ ನನ್ನ ಎದೆ ಡವಗುಟ್ಟುತ್ತಿತ್ತು.

ಬೇಸಿಗೆ ಕೆಲಸ ಮಳೆಗಾಲದಷ್ಟೇ ಕಷ್ಟ. ಉಂಬಳ (ಜಿಗಣೆ) ಇರುವುದಿಲ್ಲ, ಆದರೆ ಉಣುಗು (ಉಣ್ಣಿ) ಇರುತ್ತದೆ. ನಮ್ಮ ಕಡೆ ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ಹೆದರಿಕೆ ಎಲ್ಲರಿಗೂ ಇದ್ದದ್ದೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಜ್ವರ ಅದು, ಸಿದ್ದಾಪುರದ ಕಡೆ ಈಗಲೂ ಜೀವ ತೆಗೆಯುತ್ತದೆ. ಕಾಡಿನಲ್ಲಿ ಮಂಗ, ಮುಸಿಯ ಸತ್ತು ಬಿದ್ದಿದ್ದು ಕಂಡರೆ ಹತ್ತಿರ ಹೋಗದೆ ಆಸ್ಪತ್ರೆಗೆ ಸುದ್ದಿ ಮುಟ್ಟಿಸಬೇಕು. ನಾವು ಉಣುಗು ಹತ್ತದ ಹಾಗೆ ಕೈಕಾಲಿಗೆ ಡೀಪಾ ಎಣ್ಣೆ ಹಚ್ಚಿ, ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ತೂರಿಸಿ ಹೋಗುತ್ತಿದ್ದೆವು. ಮನೆಗೆ ಬಂದವರು ನೇರ ಬಚ್ಚಲಿಗೆ. ಅತ್ತೆ ಬಟ್ಟೆಗಳನ್ನು ಬಿಸಿನೀರಿಗೆ ಹಾಕಿಸದೆ ಒಳಗೆ ಬಿಡುತ್ತಿರಲಿಲ್ಲ.

ಮಾರ್ಚಿನಲ್ಲಿ ಗುಂಪಿನ ಹರೆಯದ ಗಂಡೊಂದು ಕಾಣೆಯಾಯಿತು. ಅದು ಕೆಲವು ತಿಂಗಳಿಂದ ಅಂಚಿನಲ್ಲೇ ಇರುತ್ತಿತ್ತು. ಯಜಮಾನ ಹತ್ತಿರ ಬಂದರೆ ಜಾಗ ಬಿಟ್ಟು ಏಳುತ್ತಿತ್ತು. ನನಗೆ ಚಿರತೆ ಹಿಡಿಯಿತೇನೋ ಅಂತ ಭಯ. ಹುಡುಗಿ ಮಾತ್ರ, "ಇಲ್ಲ ಅಕ್ಕಾ, ಗಂಡು ದೊಡ್ಡದಾದ ಮೇಲೆ ಹುಟ್ಟಿದ ಗುಂಪು ಬಿಟ್ಟು ಹೋಗೋದೇ. ಇಲ್ಲಿ ಉಳಿಯೋದು ಹೆಣ್ಣುಗಳು" ಅಂದಳು. ತಾಯಿ, ಮಗಳು, ಅಕ್ಕ, ತಂಗಿ, ಮೊಮ್ಮಗಳು. ಸಿಂಹದಲ್ಲೂ ಹಾಗೇ, ಹೆಣ್ಣುಗಳು ಹುಟ್ಟಿದ ಗುಂಪಿನಲ್ಲೇ ಇರುತ್ತವೆ, ಗಂಡುಮರಿಗಳು ಎರಡು ಮೂರು ವರ್ಷಕ್ಕೆ ಹೊರಗೆ ಬೀಳುತ್ತವೆ, ಆಮೇಲೆ ಬೇರೆ ಗುಂಪಿನ ಗಂಡಿನ ಜೊತೆ ಹೋರಾಡಿ ಜಾಗ ಹಿಡಿಯಬೇಕು. ಹಾಗೆ ಹೊಸದಾಗಿ ಬಂದ ಸಿಂಹ ಹಳೆಯದರ ಮರಿಗಳನ್ನು ಕೊಂದು ಹಾಕುವುದೂ ಉಂಟು. ಮಗನಿಗೆ ಇದನ್ನು ಹೇಳಿದಾಗ ಅವನು ಬಹಳ ಹೊತ್ತು ಮಾತಾಡಲಿಲ್ಲ. ನಾನೋ, ಹುಟ್ಟಿದ ಮನೆ ಬಿಟ್ಟು ಬಂದವಳು. ಬಿಟ್ಟು ಹೋದ ಆ ಗಂಡನ್ನು ನೆನೆದು ನನಗೆ ಕಣ್ಣು ಒದ್ದೆಯಾಯಿತು. ಒಂಟಿಯಾಗಿ ಯಾವ ಕಾನು ಸೇರಿತೋ. ಹೋಗಲು ಮರಗಳ ದಾರಿ ಇತ್ತೋ ಇಲ್ಲವೋ.

ಆ ದಾರಿಯ ಮಾತು ಏಪ್ರಿಲಿನಲ್ಲಿ ನಮ್ಮ ಮನೆಬಾಗಿಲಿಗೇ ಬಂತು. ಊರಿನ ರಸ್ತೆಗೆ ಡಾಂಬರು ಹಾಕುವ ಕೆಲಸ ಶುರುವಾಯಿತು. ರಸ್ತೆ ನಮಗೂ ಬೇಕಿತ್ತು. ಮಳೆಗಾಲದಲ್ಲಿ ಬಸುರಿಯನ್ನು ಕಂಬಳಿಯಲ್ಲಿ ಹೊತ್ತು ಮುಖ್ಯ ರಸ್ತೆಗೆ ಸಾಗಿಸಿದ ಊರು ಇದು. ಆದರೆ ತಿರುವಿನ ಗೋಳಿ ಮರ ಕಡಿಯಬೇಕು ಅಂತ ಯಾರಿಗೂ ಹೇಳಿರಲಿಲ್ಲ. ನಾವು ಕಾಡಿನಿಂದ ಸಂಜೆ ಇಳಿದು ಬರುವಾಗ ಅದು ನೆಲದ ಮೇಲೆ ಮಲಗಿತ್ತು. ಹಾಲು ಇನ್ನೂ ಸುರಿಯುತ್ತಿತ್ತು. ಕೆಲಸ ಮಾಡಿಸುತ್ತಿದ್ದವರನ್ನು ಕೇಳಿದರೆ, "ತಿರುವು ಕಾಣಲ್ಲ ಮೇಡಂ, ಕಡಿಯಲೇಬೇಕಿತ್ತು" ಅಂದರು. ಅಲ್ಲಿ ಒಂದು ವಾರೆ ಮಾಡಿದ್ದರೆ ಮರ ಉಳಿಯುತ್ತಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಹುಡುಗಿ ಅಲ್ಲೇ ಜಲ್ಲಿ ರಾಶಿಯ ಮೇಲೆ ಕೂತುಬಿಟ್ಟಳು.

ಮೂರು ದಿನ ಬಿಟ್ಟು ಗುಂಪು ಆ ಜಾಗಕ್ಕೆ ಬಂತು. ಯಜಮಾನ ಮುಂದೆ ಬಂದು, ಕೊಂಬೆ ಇರಬೇಕಾದ ಕಡೆ ನೋಡಿತು. ಪಕ್ಕದ ಮರದ ತುದಿಗೆ ಹೋಯಿತು, ಇಳಿಯಿತು, ಮತ್ತೆ ಹತ್ತಿತು. ಉಳಿದವು ಹಿಂದೆ ಸಾಲಾಗಿ ಕೂತು ಕಾದವು. ಸುಮಾರು ಮುಕ್ಕಾಲು ಗಂಟೆ. ಆಮೇಲೆ ತಿರುಗಿ ಹೋದವು. ಮರುವಾರವೂ ಅದೇ. ದೇವಿಮನೆ ಘಟ್ಟದ ರಸ್ತೆ ಅಗಲವಾದಾಗ ನಾನು ಬಸ್ಸಿನಲ್ಲಿ ಕೂತು 'ಅಬ್ಬಾ, ಕುಮಟೆಗೆ ಬೇಗ ಹೋಗಬಹುದು' ಅಂದುಕೊಂಡಿದ್ದೆ. ಅಲ್ಲಿ ಎಷ್ಟು ಗುಂಪು ಹೀಗೆ ಬಂದು ಕೂತು ತಿರುಗಿ ಹೋಗಿರಬಹುದು ಅಂತ ಆಗ ಹೊಳೆದಿರಲಿಲ್ಲ. ಈಗ ಇದೇ ಅಭಯಾರಣ್ಯದೊಳಗೆ, ಶರಾವತಿ ಕಣಿವೆಯಲ್ಲಿ, ನೀರನ್ನು ಮೇಲೆತ್ತಿ ಮತ್ತೆ ಕೆಳಗೆ ಬಿಟ್ಟು ಕರೆಂಟು ಮಾಡುವ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು ನಡೆಯುತ್ತಿದೆ. ಆ ಸುದ್ದಿ ಓದುವಾಗಲೆಲ್ಲ ನನಗೆ ಮೆಗಾವ್ಯಾಟ್ ಕಾಣುವುದಿಲ್ಲ, ಕೊಂಬೆ ಇರಬೇಕಾದ ಕಡೆ ನೋಡುತ್ತಿದ್ದ ಯಜಮಾನ ಕಾಣುತ್ತದೆ. ತಮಿಳುನಾಡಿನ ವಾಲ್ಪಾರೈಯಲ್ಲಿ ರಸ್ತೆಯ ಮೇಲೆ ಮರದಿಂದ ಮರಕ್ಕೆ ಸೇತುವೆ ಕಟ್ಟಿದ್ದಾರೆ, ಸಿಂಗಳೀಕ ಅದರ ಮೇಲೆ ದಾಟುತ್ತದೆ. ನಮ್ಮಲ್ಲೂ ಕಟ್ಟಬಹುದು ಅಂತ ಹುಡುಗಿ ಅರ್ಜಿ ಬರೆದಳು, ಊರಿನವರೆಲ್ಲ ಸಹಿ ಹಾಕಿದೆವು. ಉತ್ತರ ಬರುವುದನ್ನು ಕಾಯುತ್ತಿದ್ದೇವೆ.

ಜೂನ್ ಎರಡನೇ ವಾರ. ಮಳೆ ಹಿಡಿದು ನಾಲ್ಕು ದಿನ ಆಗಿತ್ತು. ಕಾಲಿಗೆ ಹೊಗೆಸೊಪ್ಪು, ಸುಣ್ಣ ಹಚ್ಚಿಕೊಂಡು, ಕೊಡೆ ಹಿಡಿದು ಹೊರಟಿದ್ದೆವು. ಹೆಬ್ಬಲಸಿನ ಮರದಲ್ಲಿ ಗುಂಪು ಮುದುಡಿ ಕೂತಿತ್ತು. ಮುರುಕು ಕಿವಿ ನಮಗೆ ಬೆನ್ನು ಹಾಕಿತ್ತು. ಹುಡುಗಿ ದುರ್ಬೀನು ನನ್ನ ಕೈಗೆ ಕೊಟ್ಟು ಏನೂ ಹೇಳದೆ ಬೆರಳು ತೋರಿಸಿದಳು. ತೋಳಿನ ಸಂದಿಯಲ್ಲಿ ಒಂದು ಚಿಕ್ಕ ಕೈ ಕಂಡಿತು. ಕೂದಲನ್ನು ಬಿಗಿಯಾಗಿ ಹಿಡಿದಿತ್ತು. ಆಮೇಲೆ ಮುಖ. ತಾಯಿಯ ಮುಖ ಕರಿ, ಮರಿಯದ್ದು ನಸುಗೆಂಪು, ಅಂಗೈಯಷ್ಟೇ. ಕೇಸರ ಇನ್ನೂ ಬಂದಿರಲಿಲ್ಲ, ಅದು ಬೆಳೆಯಲು ಒಂದೆರಡು ತಿಂಗಳು ಬೇಕು. ಮಳೆಹನಿ ಬಿದ್ದಾಗಲೆಲ್ಲ ತಾಯಿ ಮುಂದಕ್ಕೆ ಬಾಗಿ ತನ್ನ ಬೆನ್ನನ್ನೇ ಸೂರು ಮಾಡುತ್ತಿತ್ತು. ಪಕ್ಕದಲ್ಲಿದ್ದ ಡೊಂಕು ಬಾಲ ಮೆಲ್ಲಗೆ ಹತ್ತಿರ ಸರಿದು ಮರಿಯನ್ನು ಮೂಸಿ ನೋಡಲು ಬಂತು. ಮುರುಕು ಕಿವಿ ಸ್ವಲ್ಪ ಹೊತ್ತು ಬಿಟ್ಟು ತಿರುಗಿ ಕೂತಿತು. ಬಾಣಂತಿಯ ಕೋಣೆಗೆ ನೆಂಟರು ಬಂದು ಹೋದ ಹಾಗೇ. ಆವತ್ತಿನ ಹಾಳೆ ಪೂರ್ತಿ ಒದ್ದೆ. ಹತ್ತು ನಿಮಿಷಕ್ಕೊಮ್ಮೆ ಬರೆಯಬೇಕಾದದ್ದನ್ನು ಇಬ್ಬರೂ ಎರಡು ಸಲ ಮರೆತೆವು.

ಜುಲೈ ಅಂದರೆ ಉಪ್ಪಾಗೆ. ನಮ್ಮ ಕಡೆ ಮಳೆಗಾಲದ ಕಾಸು ಅದು. ಹಣ್ಣು ಒಡೆದು ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಬೇಕು, ಬೀಜದಿಂದ ತುಪ್ಪ ತೆಗೆಯುತ್ತೇವೆ. ಸಿಪ್ಪೆಗೆ ಹೊರಗೆ ಬೇಡಿಕೆ ಹೆಚ್ಚಾದ ಮೇಲೆ ಪೈಪೋಟಿ ಜಾಸ್ತಿಯಾಯಿತು. ಬೇರೆಯವರು ಕೊಯ್ಯುವ ಮೊದಲು ನಾವು ಕೊಯ್ಯಬೇಕು ಅಂತ ಕಾಯಿ ಇರುವಾಗಲೇ ದೋಟಿ ಹಾಕುತ್ತಾರೆ, ಟೊಂಗೆಯನ್ನೇ ಕಡಿಯುವವರೂ ಇದ್ದಾರೆ. ನಮ್ಮ ಮನೆಯವರೂ ಕಾಯಿ ಕೊಯ್ದಿದ್ದೇವೆ, ಸುಳ್ಳು ಯಾಕೆ ಹೇಳಲಿ. ಆ ಸಲ ನಾನು ಹಳ್ಳದ ಬದಿಯ ಒಂದು ಉಪ್ಪಾಗೆ ಮರದ ಬುಡದಲ್ಲಿ ಕೂತು ಮುರುಕು ಕಿವಿ ತಿನ್ನುವುದನ್ನು ನೋಡಿದೆ. ಅರಿಶಿನ ಬಣ್ಣಕ್ಕೆ ತಿರುಗಿದ ಹಣ್ಣನ್ನೇ ಆರಿಸುತ್ತದೆ. ಒಂದು ಕೈಯಲ್ಲಿ ಮರಿ, ಇನ್ನೊಂದರಲ್ಲಿ ಹಣ್ಣು. ಹಲ್ಲಿನಿಂದ ಸೀಳಿ, ಒಳಗಿನ ತಿರುಳು ಬೀಜ ಬಾಯಿಗೆ ಹಾಕಿಕೊಂಡು ಗಲ್ಲದ ಚೀಲ ತುಂಬಿಸುತ್ತದೆ. ಸಿಪ್ಪೆ ಕೆಳಗೆ. ಮತ್ತೊಂದು. ಸಿಪ್ಪೆ ಕೆಳಗೆ. ಆಮೇಲೆ ಆರಾಮಾಗಿ ಕೂತು ಗಲ್ಲ ಒತ್ತಿಕೊಂಡು ಚೀಪುತ್ತದೆ.

ನನ್ನ ಸುತ್ತ ಸಿಪ್ಪೆ ಬಿದ್ದಿತ್ತು. ಅದು ಬಿಟ್ಟಿದ್ದು ನಮಗೆ ಬೇಕಾದ್ದು, ನಮಗೆ ಬೇಡವಾದ್ದು ಅದರ ಊಟ. ಮನೆಗೆ ಬಂದು ಗೌಡಜ್ಜನಿಗೆ ಹೇಳಿದರೆ, "ಮುಂಚೆ ನಾವು ಅದೇ ಮಾಡ್ತಿದ್ವಲ್ಲ ತಂಗೀ. ಅದು ತಿಂದು ಬಿಟ್ಟದ್ದು, ತಾನಾಗೇ ಉದ್ರಿದ್ದು, ಅಷ್ಟೇ ಹೆಕ್ಕೋದು. ಮರಕ್ಕೆ ಯಾರು ಕತ್ತಿ ಹಚ್ತಿದ್ರು?" ಅಂದ. ಆ ರಾತ್ರಿ ಯಜಮಾನರ ಹತ್ತಿರ ಮಾತಾಡಿದೆ. ಹಳ್ಳದ ಬದಿಯ ಐದು ಮರಕ್ಕೆ ದೋಟಿ ಹಾಕುವುದು ಬೇಡ, ಬಿದ್ದದ್ದು ಮಾತ್ರ ಹೆಕ್ಕೋಣ ಅಂದೆ. ಅವರು ಲೆಕ್ಕ ಹಾಕಿ ನೋಡಿ, ಆಗಲಿ ಅಂದರು. ಆ ವರ್ಷ ಒಣಸಿಪ್ಪೆ ಕಮ್ಮಿಯೇ ಆಯಿತು. ಆದರೆ ಹಣ್ಣಾದ ಸಿಪ್ಪೆ ದಪ್ಪ, ಕರ್ರಗೆ ಚೆನ್ನಾಗಿ ಒಣಗಿತ್ತು. ಹೋದ ವರ್ಷ ಪಕ್ಕದ ಮನೆಯವರೂ ಮೂರು ಮರ ಬಿಟ್ಟರು.

ಆದರೆ ಆ ಐದು ಮರ ಇರುವುದು ರಸ್ತೆಯ ಈಚೆ. ಇನ್ನೂ ದೊಡ್ಡ ಉಪ್ಪಾಗೆ ಮರಗಳಿರುವುದು ಆಚೆ ಕಾನಿನಲ್ಲಿ. ಈಚೆಯದು ಮುಗಿದ ದಿನ ಗುಂಪು ಮತ್ತೆ ತಿರುವಿಗೆ ಬಂತು. ಜುಲೈ ಕೊನೆ, ಬೆಳಿಗ್ಗೆ ಒಂಬತ್ತರ ಸುಮಾರು, ಮಳೆ ಸ್ವಲ್ಪ ಬಿಟ್ಟಿತ್ತು. ಯಜಮಾನ ಕಾಂಡ ಹಿಡಿದು ಇಳಿಯಿತು, ಇಳಿಯಿತು, ನೆಲ ಮುಟ್ಟುವ ಮೊದಲು ನಿಂತಿತು. ಅಷ್ಟರಲ್ಲಿ ಕೆಳಗಿನಿಂದ ಹಾಲಿನ ಗಾಡಿಯ ಸದ್ದು. ನಾನು ಕೊಡೆ ಬಿಚ್ಚಿ ಹಿಡಿದು ರಸ್ತೆಯ ನಡುವೆ ಓಡಿದೆ. ಗಾಡಿ ನಿಂತಿತು.

"ಎಂತಾ ಆತು ಅಕ್ಕಾ?" ಅಂತ ಡ್ರೈವರ್ ತಲೆ ಹೊರಗೆ ಹಾಕಿದ.

ಬಾಯಿಗೆ ಬೆರಳಿಟ್ಟು ತೋರಿಸಿದೆ. ಅವನು ಎಂಜಿನ್ ಆರಿಸಿದ.

ಯಜಮಾನ ಡಾಂಬರಿನ ಮೇಲೆ ಕಾಲಿಟ್ಟಿತು. ಬಾಲ ಎತ್ತಿ ನಾಲ್ಕು ಹಾರು ಹಾರಿ ಆಚೆ ಮರ ಹತ್ತಿತು. ಅದರ ಹಿಂದೆ ಒಂದು, ಮತ್ತೊಂದು, ಮರಿಗಳೆರಡು ಒಟ್ಟಿಗೆ. ಹುಡುಗಿ ಆಚೆ ಬದಿಯಲ್ಲಿ ನಿಂತು ಬೆರಳು ಮಡಚುತ್ತಿದ್ದಳು. ನಾನು ಈಚೆ ಬದಿಯಲ್ಲಿ ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಹದಿನೆಂಟು. ಹತ್ತೊಂಬತ್ತು. ಆಮೇಲೆ ಯಾವುದೂ ಬರಲಿಲ್ಲ. ಮುರುಕು ಕಿವಿ ಮರದ ಬುಡದಲ್ಲೇ ಕೂತು ರಸ್ತೆಯ ಎರಡೂ ಕಡೆ ನೋಡುತ್ತಿತ್ತು. ಗಾಡಿಯೊಳಗೆ ಕ್ಯಾನ್ ಅಲ್ಲಾಡಿದ ಸದ್ದಾಯಿತು. ಅದು ಅರ್ಧ ಮರ ಹತ್ತಿ ಮತ್ತೆ ಇಳಿಯಿತು. ಆಚೆಯಿಂದ ಯಜಮಾನ ಒಮ್ಮೆ ಕೂಗಿತು. ಆಗ ಅದು ಹೊಟ್ಟೆಗೆ ಅಂಟಿಕೊಂಡ ಮರಿಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ಮೂರು ಕಾಲಿನಲ್ಲಿ, ನನ್ನ ಕೊಡೆಯಿಂದ ಹತ್ತು ಹೆಜ್ಜೆ ದೂರದಲ್ಲಿ ದಾಟಿ ಹೋಯಿತು.

ಹುಡುಗಿ ಹಾಳೆಯಲ್ಲಿ ಬರೆದುಕೊಂಡು ನನ್ನ ಕಡೆ ತಿರುಗಿಸಿ ತೋರಿಸಿದಳು. ಇಪ್ಪತ್ತೊಂದು.